ನಾವು ದ್ವೀಪದಾಗ ಇದ್ದಾಗ

ಬಳಗದ ಮೀಟಿಂಗಿನಲ್ಲಿ ಯಾರಾದರೂ "ಈ ಸಲ ಸ್ವಾಗತ ಭಾಷಣ ಯಾರು ಮಾಡ್ತೀರಾ?" ಎಂದು ಕೇಳಿದರೆ ಸಾಕು, ಬಾಗಿಲ ಪಕ್ಕದ ಕುರ್ಚಿಯಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬರುತ್ತಿತ್ತು. ನಾವೆಲ್ಲ ತಲೆ ತಗ್ಗಿಸಿ ನಗು ತಡೆದುಕೊಳ್ಳುತ್ತಿದ್ದೆವು. ಮುಂದೆ ಬರುವ ಮಾತು ಎಲ್ಲರಿಗೂ ಬಾಯಿಪಾಠವಾಗಿತ್ತು.

"ನಾವು ದ್ವೀಪದಾಗ ಇದ್ದಾಗ ಭಾಷಣ ಗೀಷಣ ಏನೂ ಇರಲಿಲ್ಲರೀ."

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಸಿಡ್ನಿಯ ನಮ್ಮ ಕನ್ನಡ ಬಳಗದಲ್ಲಿ ಅರ್ಧ ಜನಕ್ಕೆ ಅದು ಯಾರೆಂದು ಗೊತ್ತಾಗುವುದಿಲ್ಲ. ಎಲ್ಲರ ಬಾಯಲ್ಲೂ ಅವರು ದ್ವೀಪದ ಅಂಕಲ್. ಧಾರವಾಡದವರು, ಎಲೆಕ್ಟ್ರಿಕಲ್ ಎಂಜಿನಿಯರ್. ವಯಸ್ಸಿನಲ್ಲಿದ್ದಾಗ ಫಿಜಿಗೂ ಆಚೆ, ಪೆಸಿಫಿಕ್ ಸಾಗರದ ನಡುವಿನ ಒಂದು ಪುಟ್ಟ ದ್ವೀಪದ ಪವರ್ ಹೌಸ್‌ನಲ್ಲಿ ಕೆಲಸ ಮಾಡಿ, ಆಮೇಲೆ ಆಸ್ಟ್ರೇಲಿಯಾಕ್ಕೆ ಬಂದು ಇಲ್ಲಿಯೇ ನಿವೃತ್ತರಾದರು. ವೆಸ್ಟ್‌ಮೀಡ್ ಸ್ಟೇಷನ್ ಹಿಂದಿನ ಬಾಡಿಗೆ ಫ್ಲ್ಯಾಟುಗಳಲ್ಲಿ ನಮ್ಮದು ಕೆಳಗಿನ ಮಹಡಿ, ಅವರದು ಮೇಲಿನದು.

ಅವರು ತೀರಿಹೋಗಿ ಕೆಲವು ತಿಂಗಳಾಯಿತು. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ತಲೆ ಕೆಡುತ್ತದೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಪಾಸಿಟಿವ್ ಇಲ್ಲವೇ ನೆಗೆಟಿವ್ ಎಂದು ಹಾಕಿ ಕೈ ತೊಳೆದುಕೊಂಡು ಅಭ್ಯಾಸ. ಈ ಮನುಷ್ಯನ ರಿಪೋರ್ಟಿನಲ್ಲಿ ಏನು ಹಾಕಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಕಣ್ಣಿಗೆ ಕಂಡದ್ದನ್ನು ಹೇಳಿಬಿಡುತ್ತೇನೆ. ತೆಳ್ಳಗೆ, ಎತ್ತರಕ್ಕೆ ಇದ್ದರು. ಜುಲೈ ಚಳಿಯಲ್ಲೂ ಅರ್ಧ ತೋಳಿನ ಅಂಗಿ, ಅದರ ಮೇಲೆ ಮಂಕಿ ಟೋಪಿ. ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ. ಉತ್ತರ ಹೇಳಲು ಇಷ್ಟವಿಲ್ಲದ ಪ್ರಶ್ನೆ ಬಂದರೆ ಎರಡು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಿದ್ದರು. ನಮ್ಮ ಮನೆಗೆ ಬಂದರೆ ಕೂರುತ್ತಿರಲಿಲ್ಲ, ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋಗುತ್ತಿದ್ದರು. ಎಲ್ಲೇ ಕೂತರೂ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದರು. ಯಾರೇ ಒಳಗೆ ಬರಲಿ, ಅರ್ಧ ಎದ್ದು "ಬರ್ರಿ ಬರ್ರಿ" ಅನ್ನಲೇಬೇಕು. ಒಮ್ಮೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವರ ಪಕ್ಕ ಕಾಯುತ್ತಾ ಕೂತಿದ್ದೆ. ಕೆಮ್ಮುತ್ತಾ ಬಂದ ಲೆಬನೀಸ್ ಮುದುಕನಿಗೂ, ಮಗುವನ್ನು ಎತ್ತಿಕೊಂಡು ಬಂದ ಚೀನೀ ಹುಡುಗಿಗೂ, ಪಾರ್ಸೆಲ್ ತಂದವನಿಗೂ ಇವರು ಎದ್ದು ಎದ್ದು ತಲೆಯಾಡಿಸುತ್ತಿದ್ದರು. "ಅಂಕಲ್, ಇದು ನಿಮ್ಮ ಮನೆ ಅಲ್ಲ" ಅಂದೆ. "ಬಂದವರಿಗೆ ಏನು ಗೊತ್ತು ತಂಗಿ? ಯಾರರ ಒಬ್ಬರು ಬರ್ರಿ ಅನ್ನಬೇಕು" ಅಂದರು.

ಈಗ ದ್ವೀಪದ ವಿಷಯ. ಅಂಕಲ್ ಕಮಿಟಿಗೆ ಬರುವ ಮೊದಲು ನಮ್ಮ ಗಣೇಶನ ಹಬ್ಬ ಹೇಗಿತ್ತೆಂದರೆ, ನಾಲ್ಕಕ್ಕೆ ಅಂತ ವಾಟ್ಸಾಪಿನಲ್ಲಿ ಬರುತ್ತಿತ್ತು, ಆರಕ್ಕೆ ದೀಪ ಹಚ್ಚುತ್ತಿದ್ದರು. ವೇದಿಕೆ ಮೇಲೆ ಉದ್ದಕ್ಕೆ ಕುರ್ಚಿಗಳು. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ, ಹಬ್ಬಕ್ಕೆ ದುಡ್ಡು ಕೊಟ್ಟ ಮನೆಸಾಲದ ಬ್ರೋಕರ್ ಒಬ್ಬರ ಎರಡು ಮಾತು, ಶಾಲು, ಹಾರ, ಮತ್ತೆ ಶಾಲು. ಮಕ್ಕಳು ಹಿಂದಿನ ಸಾಲಿನಲ್ಲಿ ಫೋನಿನೊಳಗೆ ಮುಳುಗಿರುತ್ತಿದ್ದವು. ಕೊನೆಗೆ ತಣ್ಣಗಾದ ಬಿಸಿಬೇಳೆಬಾತ್ ತಿಂದು, ಹಾಲ್ ಬಿಟ್ಟುಕೊಡಬೇಕಲ್ಲ ಎಂದು ಓಡುತ್ತಾ ಕುರ್ಚಿ ಮಡಚುತ್ತಿದ್ದೆವು. ಇದನ್ನೇ ನಾವು ಸಂಸ್ಕೃತಿ ಅನ್ನುತ್ತಿದ್ದೆವು, ಪಾಪ.

ಅಂಕಲ್ ಬಂದು ಒಂದೊಂದೇ ಕಿತ್ತು ಹಾಕಿದರು. ಅವರು ಜಗಳ ಆಡುತ್ತಿರಲಿಲ್ಲ. ದ್ವೀಪವನ್ನು ತಂದು ಎದುರಿಗೆ ಇಡುತ್ತಿದ್ದರು, ಅಷ್ಟೇ. ದ್ವೀಪದಾಗ ವೇದಿಕೆ ಇರಲಿಲ್ಲ, ಎಲ್ಲಾರೂ ನೆಲದ ಮ್ಯಾಲೆ ಕುಂದರತಿದ್ವಿ. ದ್ವೀಪದಾಗ ಮೈಕ್ ಇರಲಿಲ್ಲ. ದ್ವೀಪದಾಗ ಮದಲ ಊಟ, ಆಮ್ಯಾಲೆ ಆಟ. ದ್ವೀಪದಾಗ ಮುಖ್ಯ ಅತಿಥಿ ಅಂತ ಒಬ್ಬನೂ ಇರಲಿಲ್ಲ. ದ್ವೀಪದಾಗ ನೋಡವರು ಬ್ಯಾರೆ, ಮಾಡವರು ಬ್ಯಾರೆ ಅಂತ ಇರಲಿಲ್ಲ. ಯಾರೂ ನೋಡದ ಊರಿನ ಪದ್ಧತಿಯನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ನಮ್ಮವರು ಒಪ್ಪಿಕೊಂಡು ಬಂದರು. ಒಂದು ವಿಷಯಕ್ಕೆ ಮಾತ್ರ ಎಲ್ಲರಿಗೂ ಗೊಂದಲ. ಭಾನುವಾರ ಹಾಲ್ ಸುಲಭವಾಗಿ ಸಿಗುತ್ತಿತ್ತು. ಅಂಕಲ್ ಮಾತ್ರ ಬಿಲ್‌ಕುಲ್ ಒಪ್ಪುತ್ತಿರಲಿಲ್ಲ. "ಐತವಾರ ಒಂದು ಬ್ಯಾಡ್ರಿ. ಶನಿವಾರ ಇಡ್ರಿ." ಯಾಕೆ ಎಂದು ಕೇಳಿದರೆ ಶೇಂಗಾ.

ಎಲ್ಲಕ್ಕಿಂತ ದೊಡ್ಡದು ಬಾಗಿಲ ಆಟ. ಊಟ ಆದಮೇಲೆ ಯಾರಾದರೂ ಒಬ್ಬರು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಬೇಕು. ಹೊರಗೆ ಒಂದು ಪೆಟ್ಟಿಗೆಯಲ್ಲಿ ಹಳೇ ಸೀರೆ, ರುಮಾಲು, ಕೋಲು, ಕನ್ನಡಕ ಇರುತ್ತಿದ್ದವು. ಬೇಕಾದ್ದು ಹಾಕಿಕೊಂಡು ಮುಂದಿನ ಬಾಗಿಲಿನಿಂದ ಬೇರೆ ಯಾರೋ ಆಗಿ ಒಳಗೆ ಬರಬೇಕು. ಬಾಗಿಲಲ್ಲಿ ಅಂಕಲ್ ನಿಂತಿರುತ್ತಿದ್ದರು. "ಬರ್ರಿ ಬರ್ರಿ, ಯಾವ ಕಡಿಂದ ಬಂದ್ರಿ?" ಎಂದು ಎಷ್ಟು ಗಂಭೀರವಾಗಿ ಕೇಳುತ್ತಿದ್ದರೆಂದರೆ ಬಂದವರಿಗೆ ನಗಲು ಧೈರ್ಯ ಬರುತ್ತಿರಲಿಲ್ಲ. ಹೃದಯದ ಡಾಕ್ಟರೊಬ್ಬರು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಆಗಿ ಬಂದು ಎಲ್ಲರನ್ನೂ ಹಿಂದೆ ಹಿಂದೆ ತಳ್ಳಿದರು. ಯಾರೊಂದಿಗೂ ಮಾತಾಡದ ಬೆಳಗಾವಿಯ ಅಕೌಂಟೆಂಟ್ ಒಬ್ಬರು ಕೋಲೂರಿಕೊಂಡು, ತೀರಿಹೋದ ತಮ್ಮ ತಂದೆಯಾಗಿ ಬಂದರು. ಹಾಲ್ ಗಪ್‌ಚಿಪ್ ಆಯಿತು. ಅಂಕಲ್ ಮಾತ್ರ ಒಂದು ಚೂರೂ ಅಲುಗಾಡದೆ "ಬರ್ರಿ ಬರ್ರಿ, ಭಾಳ ದಿನ ಆತು ನಿಮ್ಮನ್ನ ನೋಡಿ" ಎಂದು ಕೈಹಿಡಿದು ಕೂರಿಸಿ, ತಟ್ಟೆಗೆ ಕಡಬು ಹಾಕಿದರು.

ನನ್ನ ಮಗಳ ವಿಷಯ ಹೇಳದಿದ್ದರೆ ನನಗೆ ಈ ಹಬ್ಬ ಯಾಕೆ ಅಷ್ಟು ಮುಖ್ಯ ಎಂದು ನಿಮಗೆ ತಿಳಿಯುವುದಿಲ್ಲ. ಹೈಸ್ಕೂಲಿಗೆ ಹೋದಮೇಲೆ ಅವಳ ಕನ್ನಡ ನಿಂತೇ ಹೋಗಿತ್ತು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಜೋರು ಮಾಡಿದರೆ ಅದೂ ಇಲ್ಲ. ಒಂದು ವರ್ಷ ಹಬ್ಬದಲ್ಲಿ ಅವಳು ಆಟದ ಪೆಟ್ಟಿಗೆಯಿಂದ ಸೀರೆ ಸುತ್ತಿಕೊಂಡು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಮೈಸೂರಿನ ನನ್ನ ಅತ್ತೆಯಾಗಿ ಒಳಗೆ ಬಂದಳು. ಸೀದಾ ನನ್ನ ಎದುರು ಬಂದು ನಿಂತು, "ಏನಮ್ಮಾ, ಈ ಮನೇಲಿ ಕಾಫಿ ಅನ್ನೋದು ಸಿಗುತ್ತೋ, ಇಲ್ಲ ಪೋಸ್ಟಲ್ಲಿ ಕಳಿಸ್ತೀರೋ?" ಅಂದಳು. ಅದೇ ರಾಗ, ಅದೇ ಹುಬ್ಬು. ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಅಳು ಬಂತು. ಅಷ್ಟು ಕನ್ನಡ ಇವಳ ಹೊಟ್ಟೆಯಲ್ಲಿ ಎಲ್ಲಿ ಕೂತಿತ್ತು? ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅತ್ತೆಯಾಗಿಯೇ ನನ್ನನ್ನು ಬೈದಳು. ಮಾರನೇ ದಿನ ಮತ್ತೆ ಇಂಗ್ಲಿಷ್. ಅಲ್ಲಿಂದ ಪ್ರತಿ ವರ್ಷವೂ ಹಾಗೆಯೇ, ಆ ಒಂದು ದಿನ ಮಾತ್ರ ನನ್ನ ಮಗಳು ನನ್ನ ಭಾಷೆಯಲ್ಲಿ ನನ್ನೊಂದಿಗೆ ಜಗಳ ಆಡುತ್ತಾಳೆ.

ಆದರೂ ಅಂಕಲ್ ಹೇಳುವುದು ನಿಜವೇ ಎಂಬ ಅನುಮಾನ ನಮ್ಮ ಮನೆಯಲ್ಲೇ ಇತ್ತು. ನನ್ನ ಗಂಡ, "ಬುರುಡೆ ಬಿಡ್ತಾರೆ ಕಣೇ, ಚೆನ್ನಾಗಿ ಬಿಡ್ತಾರೆ, ಬಿಡಲಿ ಬಿಡು" ಅನ್ನುತ್ತಿದ್ದ. ದ್ವೀಪದ ಪೊಲೀಸಪ್ಪ ಹೊಟ್ಟೆ ಬಿರಿಯುವಂತೆ ಕಡಬು ತಿಂದದ್ದು, ಚರ್ಚಿನ ಪಾದ್ರಿ ಗಣಪನಿಗೆ ಕೈಮುಗಿದದ್ದು, ಇವನ್ನೆಲ್ಲ ಅಂಕಲ್ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಆದರೆ ಎಷ್ಟು ಜನ ಸೇರುತ್ತಿದ್ದಿರಿ ಎಂದು ಕೇಳಿದರೆ ಕೈ ಜೇಬಿಗೆ ಹೋಗುತ್ತಿತ್ತು. ಇನ್ನೊಂದು, ಅವರ ಹೆಂಡತಿ, ನಮ್ಮೆಲ್ಲರ ಆಂಟಿ, ಒಮ್ಮೆಯೂ ನಮ್ಮ ಹಬ್ಬಕ್ಕೆ ಬರಲಿಲ್ಲ. "ಆಕಿಗೆ ಗದ್ದಲ ಆಗಂಗಿಲ್ಲ" ಅನ್ನುತ್ತಿದ್ದರು ಅಂಕಲ್. ಮೆಟ್ಟಿಲ ಮೇಲೆ ಸಿಕ್ಕರೆ ಗಂಟೆಗಟ್ಟಲೆ ಹರಟುವ ಆಂಟಿಗೆ ಗದ್ದಲ ಆಗುವುದಿಲ್ಲವೇ?

ಒಂದು ವರ್ಷ ಜೋರು ಮಳೆ, ಜೊತೆಗೆ ರೈಲು ಹಳಿ ರಿಪೇರಿ. ಹೊತ್ತಾದರೂ ಯಾರೂ ಬರಲಿಲ್ಲ. ನಾನು ಒಳಗೆ ಚಾಪೆ ಹಾಸುತ್ತಿದ್ದೆ. ನೋಡಿದರೆ ಅಂಕಲ್ ಹಾಲಿನ ಬಾಗಿಲಲ್ಲಿ ನಿಂತಿದ್ದಾರೆ, ಮುಖದಲ್ಲಿ ರಕ್ತವೇ ಇಲ್ಲ. ಮಾತಾಡಿಸಿದರೆ ಕೇಳಿಸುತ್ತಿಲ್ಲ. ಬಿಪಿ ಏನಾದರೂ ಇಳಿಯಿತೇ ಎಂದು ನಾನು ಕೈ ಹಿಡಿದು ನೋಡಿದೆ, ತಣ್ಣಗಿತ್ತು. ಅಷ್ಟರಲ್ಲಿ ಮೊದಲ ಕಾರು ತಿರುಗಿತು. ಆ ವಯಸ್ಸಿನ ಮನುಷ್ಯ ಕೊಡೆಯನ್ನೂ ಹಿಡಿಯದೆ ಮಳೆಯಲ್ಲಿ ಓಡಿದರು. ಬರೀ ಒಂದು ಹಬ್ಬಕ್ಕೆ ಇಷ್ಟೊಂದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ಆಮೇಲೆ ಅವರ ಮಗಳು ಇಬ್ಬರನ್ನೂ ಮೆಲ್ಬರ್ನಿಗೆ ಕರೆದುಕೊಂಡು ಹೋದಳು. ಅಲ್ಲಿಂದಲೂ ಅಂಕಲ್ ಫೋನ್ ಮಾಡಿ "ಊಟ ಮದಲ ಇಟ್ಟೀರಿಲ್ಲೋ?" ಎಂದು ವಿಚಾರಿಸುತ್ತಿದ್ದರು. ಈ ವರ್ಷದ ಆರಂಭದಲ್ಲಿ ಮಲಗಿದವರು ಏಳಲಿಲ್ಲ ಎಂದು ಸುದ್ದಿ ಬಂತು.

ಇತ್ತ ಬಳಗಕ್ಕೆ ಹೊಸ ಅಧ್ಯಕ್ಷರು ಬಂದರು. ಬೆಂಗಳೂರಿನವರು, ಐಟಿ, ಕೆಟ್ಟವರೇನಲ್ಲ. ಪೆಂಡಲ್ ಹಿಲ್‌ನ ಒಂದು ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಮೀಟಿಂಗ್. ಈ ಸಲ ದೊಡ್ಡ ಆಡಿಟೋರಿಯಂ, ಬೆಂಗಳೂರಿನಿಂದ ಆರ್ಕೆಸ್ಟ್ರಾ, ವೇದಿಕೆ, ಗಣ್ಯರು ಎಂದು ಅವರು ಹೇಳುತ್ತಾ ಹೋದರು. ಬಾಗಿಲ ಆಟ ಎಲ್ಲಿ ಅಂದೆ.

"ಮೇಡಂ, ಅಂಕಲ್ ಬಗ್ಗೆ ನಂಗೂ ಗೌರವ ಇದೆ" ಅಂದರು. "ಆದ್ರೆ ನಿಜವಾಗ್ಲೂ ಆ ದ್ವೀಪದಲ್ಲಿ ಅಂಥ ಟ್ರೆಡಿಷನ್ ಒಂದು ಇತ್ತಾ? ಇತ್ತು ಅಂದ್ರೆ ನಾನೇ ಮುಂದೆ ನಿಂತು ಮಾಡಿಸ್ತೀನಿ. ಇಲ್ಲಾಂದ್ರೆ, ಒಬ್ರು ಬಿಟ್ಟ ಬುರುಡೆ ನಂಬ್ಕೊಂಡು ಇಷ್ಟು ಜನ ಓದಿರೋರು ಹಿಂದಿನ ಬಾಗ್ಲಿಂದ ಹೋಗಿ ಮುಂದಿನ ಬಾಗ್ಲಿಂದ ಬರೋದಾ?"

ನನಗೆ ಮೈ ಉರಿಯಿತು. "ಆಂಟೀನೇ ಕೇಳ್ಕೊಂಡು ಬರ್ತೀನಿ" ಅಂದೆ.

"ಕೇಳಿ. ಆಂಟಿ ಹೌದು ಅಂದ್ರೆ ಹೌದು. ಶನಿವಾರ ಮಧ್ಯಾಹ್ನದೊಳಗೆ ಆಡಿಟೋರಿಯಂನವ್ರಿಗೆ ಹೇಳ್ಬೇಕು, ಅಷ್ಟೇ."

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಅಂಕಲ್ ಹೋದಮೇಲೆ ಆಂಟಿಯ ಮುಖ ನೋಡಿರಲಿಲ್ಲ. ಶನಿವಾರ ಬೆಳಗಿನ ವಿಮಾನ ಹತ್ತಿ ಮೆಲ್ಬರ್ನಿಗೆ ಹೋಗಿ, ರೈಲು ಹಿಡಿದು ಡ್ಯಾಂಡಿನಾಂಗಿನಲ್ಲಿ ಇಳಿದೆ. ಅವರ ಮಗಳು ಕಾರು ತಂದಿದ್ದಳು. ನನ್ನದೇ ವಯಸ್ಸಿನವಳು, ಅಪ್ಪನದೇ ಎತ್ತರ. ಬಂದ ಕಾರಣ ಹೇಳಿದೆ. ಅವಳ ಮುಖ ಅರಳಿತು.

"ಅಯ್ಯೋ, ನಂಗೆ ಚೆನ್ನಾಗಿ ನೆನಪಿದೆ. ನಾನು ತುಂಬ ಚಿಕ್ಕವಳು. ಬಾಗಿಲು ತೆಗೀತಾನೇ ಇತ್ತು, ಜನ ಬರ್ತಾನೇ ಇದ್ರು. ಪೊಲೀಸ್ ಬಂದ್ರು, ಚರ್ಚ್ ಪಾಸ್ಟರ್ ಬಂದ್ರು, ಒಬ್ರು ಅಜ್ಜಿ ಬಂದು ನನ್ನ ಕೆನ್ನೆ ಹಿಂಡಿದ್ರು. ನನ್ನ ಮಕ್ಕಳಿಗೆ ಎಷ್ಟು ಸಲ ಹೇಳಿದೀನೋ. ನನ್ನ ಲೈಫಲ್ಲಿ ಅಂಥ ದಿನ ಮತ್ತೆ ಬರ್ಲಿಲ್ಲ."

ನನ್ನ ಎದೆ ಹಗುರಾಯಿತು. ಸಾಕ್ಷಿ ಸಿಕ್ಕಿತಲ್ಲ, ಇನ್ನೇನು ಬೇಕು? ಅವಳು ನನ್ನನ್ನು ಮನೆಯೊಳಗೆ ಬಿಟ್ಟು ಮಕ್ಕಳನ್ನು ಈಜಿಗೆ ಕರೆದುಕೊಂಡು ಹೋದಳು.

ಆಂಟಿ ಸೊರಗಿದ್ದರು. ಚುರುಮರಿ ಒಗ್ಗರಣೆ ಮಾಡಿಕೊಟ್ಟು ಎದುರಿಗೆ ಕೂತರು. ಅಂಕಲ್ ಹೋದ ದಿನದ ಬಗ್ಗೆ ಮಾತಾಡಿದೆವು, ಇಬ್ಬರೂ ಅತ್ತೆವು. ಆಮೇಲೆ ನಾನು ಅಧ್ಯಕ್ಷರ ಮಾತು ಹೇಳಿ, "ದ್ವೀಪದಲ್ಲಿ ಹಬ್ಬ ಹೇಗೆ ಮಾಡ್ತಿದ್ರಿ ಆಂಟಿ?" ಎಂದು ಕೇಳಿದೆ.

ಆಂಟಿ ಸೆರಗಿನಿಂದ ಮೇಜು ಒರೆಸತೊಡಗಿದರು. ಮೇಜಿನ ಮೇಲೆ ಏನೂ ಚೆಲ್ಲಿರಲಿಲ್ಲ.

"ಇದನ್ನ ಯಾರರ ಕೇಳತಾರ ಅಂತನ ನಾ ನಿಮ್ಮ ಹಬ್ಬಕ್ಕ ಬರತಿದ್ದಿಲ್ಲ ತಂಗಿ" ಅಂದರು.

ನಾನು ತಟ್ಟೆ ಕೆಳಗಿಟ್ಟೆ.

"ಮಾಡತಿದ್ವಿ ಏನ ಬಂತು? ಮಾಡಿದ್ದ ಒಮ್ಮೆ. ನಾವು ಅಲ್ಲಿಗೆ ಹೋದ ವರ್ಷನ ಮಾಡಿದ್ವಿ, ಅದರ ಮುಂದಿನ ವರ್ಷ ಅಲ್ಲಿಂದ ಬಿಟ್ಟ ಬಂದ್ವಿ. ಅಲ್ಲಿ ನಮ್ಮವರು ಅಂತ ಒಬ್ಬರೂ ಇರಲಿಲ್ಲ. ಪಂಚಾಂಗ ನೋಡಿದ್ರ ಚೌತಿ ಐತವಾರ ಬಂದಿತ್ತು. ಭಾಳ ಚಲೋ ಆತು, ಸೂಟಿ ದಿನ, ಎಲ್ಲಾರೂ ಬರತಾರ ಅಂದ್ರು ಇವರು. ಇಬ್ಬರೂ ಕೂಡಿ ಮನಿ ಮನಿಗೆ ಹೋಗಿ ಕರದ್ವಿ. ಎಲ್ಲಾರೂ ನಕ್ಕೋತ ತಲಿ ಅಲ್ಲಾಡಿಸಿದ್ರು. ಎರಡು ದಿನ ಕುಂತು ಊರಿಗಾಗುವಷ್ಟ ಕಡಬು ಮಾಡಿದೆ."

"ಆಮೇಲೆ?"

"ಆಮ್ಯಾಲೆ ಏನು? ಯಾರೂ ಬರಲಿಲ್ಲ."

ಆ ದ್ವೀಪದವರು ಕಟ್ಟಾ ಕ್ರೈಸ್ತರಂತೆ. ಭಾನುವಾರವೆಂದರೆ ಚರ್ಚು, ಅದು ಬಿಟ್ಟರೆ ಮನೆ. ಒಲೆ ಹಚ್ಚುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಡೋಲು ಬಾರಿಸುವುದಿಲ್ಲ, ಇನ್ನೊಬ್ಬರ ಮನೆಗೆ ಹಬ್ಬದೂಟಕ್ಕೆ ಹೋಗುವ ಮಾತೇ ಇಲ್ಲ. ಕರೆಯಲು ಬಂದವರ ಮುಖಕ್ಕೆ ಇಲ್ಲ ಅನ್ನುವುದು ಅಲ್ಲಿ ಮರ್ಯಾದೆಯಲ್ಲ, ಅದಕ್ಕೇ ನಕ್ಕು ತಲೆಯಾಡಿಸಿದ್ದರು. ಭಾನುವಾರ ಅಂದರೆ ಎಲ್ಲರಿಗೂ ಬಿಡುವು ಎಂದು ಲೆಕ್ಕ ಹಾಕುವ ನಮ್ಮ ಜನಕ್ಕೆ ಇದೆಲ್ಲ ಹೇಗೆ ಹೊಳೆಯಬೇಕು?

"ಸೋಮವಾರ ಮುಂಜಾನೆದ್ದು ಬಾಗಲಾ ತಗದ್ರ ಹೊಸಲಿ ಮ್ಯಾಲೆ ಇಷ್ಟುದ್ದ ಮೀನ. ಬರಾಕ ಆಗಲಿಲ್ಲ ಅಂತ ಪಾಪ, ತಂದಿಟ್ಟ ಹೋಗಿದ್ರು. ಗಣಪ್ಪ ಇನ್ನೂ ಒಳಗ ಕುಂತಾನ" ಎಂದು ಆಂಟಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಐತವಾರದ್ದು ಹೇಳತೇನಿ ಕೇಳು. ಸಣ್ಣಾಕಿಗೆ ಹೊಸ ಲಂಗಾ ಹಾಕಿದ್ದೆ. ಎಲ್ಲಾ ಹುಡುಗೂರು ಬರತಾರ ಅಂತ ಹೇಳಿದ್ವಿ. ಬಾಗಲದಾಗ ಕುಂತು ಕುಂತು ಅಳಾಕ ಸುರು ಮಾಡಿದ್ಲು. ಹಸದಿದ್ಲು, ಅದಕ್ಕ ಮದಲ ಉಣಿಸಿದ್ವಿ. ಉಂಡ ಮ್ಯಾಲೂ ಅಳು ನಿಲ್ಲಲಿಲ್ಲ. ಇವರು ಹಿತ್ತಲ ಬಾಗಲಾ ತಗದು ಹೊರಗ ಹೋದ್ರು. ಸಿಟ್ಟಿಗೆ ಹೋದ್ರು ಅಂದುಕೊಂಡೆ ನಾ. ನೋಡ್ತೇನಿ, ಮುಂದಿನ ಬಾಗಲದಾಗ ತಲಿಗೆ ಟಾವೆಲ್ ಸುತಗೊಂಡು ಗೌಡ್ರಂಗ ನಿಂತಾರ. ಮತ್ತ ಹೋದ್ರು, ಪೊಲೀಸ ಆಗಿ ಬಂದ್ರು, ಪಾದ್ರಿ ಆಗಿ ಬಂದ್ರು. ಮತ್ತ ಹೋದ್ರು, ನನ್ನ ಸೀರಿ ಉಟಗೊಂಡು ಮುದುಕಿ ಆಗಿ ಬಂದ್ರು. ಆಮ್ಯಾಲೆ ನನ್ನನ್ನ ಕಳಿಸಿದ್ರು. ಆಮ್ಯಾಲೆ ಆಕಿನ್ನ. ಗದ್ದಲಾ ಮಾಡೂಹಂಗಿಲ್ಲ, ಓಣಿ ತುಂಬ ಚರ್ಚಿನ ದಿನ. ದನಿ ಸಣ್ಣದು ಮಾಡಿಕೊಂಡ ಹಾಡಿದ್ವಿ."

ಅಂಕಲ್ ಹೇಳಿದ್ದರಲ್ಲಿ ಯಾವುದು ಬುರುಡೆ? ವೇದಿಕೆ ಇರಲಿಲ್ಲ ಅಂದರು, ಇರಲಿಲ್ಲ. ಮುಖ್ಯ ಅತಿಥಿ ಇರಲಿಲ್ಲ ಅಂದರು, ಅತಿಥಿಯೇ ಇರಲಿಲ್ಲ. ಆದರೂ ನಾವು ನಂಬಿದ್ದ ಆ ದ್ವೀಪ, ಆ ಜನ, ಆ ಪದ್ಧತಿ ಎಲ್ಲವೂ ಸುಳ್ಳು. ನನಗೆ ಅಂಕಲ್ ಮೇಲೆ ಸಿಟ್ಟು ಬಂತು. ಅದೇ ಕ್ಷಣಕ್ಕೆ ಅವರ ಕಾಲು ಹಿಡಿಯಬೇಕು ಅನ್ನಿಸಿತು.

"ಆದ್ರೆ ನಿಮ್ಮ ಮಗಳು ಜನ ಬಂದಿದ್ರು ಅಂದಳಲ್ಲ?"

"ಅವತ್ತ ಆಕಿಗೆ ಗೊತ್ತಿತ್ತು, ಅಪ್ಪನ ಅಂತ ಬಿದ್ದ ಬಿದ್ದ ನಗತಿದ್ಲು. ಬೆಳದಂಗ ಬೆಳದಂಗ ಆಕಿ ನೆನಪಿನಾಗ ಅಪ್ಪ ಮರತು ಹೋಗಿ ಮಂದಿ ಉಳದ್ರು. ನಾವೂ ತಿದ್ದಲಿಲ್ಲ. ಇವರಿಗಂತೂ ಆಕಿ ಹೇಳೂದು ಕೇಳಿ ಕೇಳಿ ತಮಗೂ ಹಂಗ ಅನಸಾಕ ಹತ್ತಿತ್ತೋ ಏನೋ. ನಾ ಕೇಳಲಿಲ್ಲ. ಈಗ ಯಾರನ್ನ ಕೇಳಲಿ?"

ಆಗ ನನ್ನ ಫೋನು ಬಡಿದುಕೊಂಡಿತು. ಅಧ್ಯಕ್ಷರು. ಮಧ್ಯಾಹ್ನವಾಗುತ್ತಾ ಬಂದಿತ್ತು. ಎತ್ತಲೋ ಬೇಡವೋ ಎಂದು ಕೈಯಲ್ಲಿ ಹಿಡಿದು ಕೂತೆ. ನಿಜ ಹೇಳಿದರೆ ನನ್ನ ಮಗಳ ಒಂದು ದಿನದ ಕನ್ನಡ ಹೋಗುತ್ತದೆ, ಇವರ ಮಗಳ ಆ ಒಂದು ದಿನವೂ ಹೋಗುತ್ತದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹೇಳಿದರೆ ಮುಖದಲ್ಲೇ ಗೊತ್ತಾಗುತ್ತದೆ, ದನಿಯಲ್ಲೂ ಗೊತ್ತಾಗುತ್ತದೆ.

"ಯಾರು, ನಿಮ್ಮ ಅಧ್ಯಕ್ಷರೇನು?" ಅಂದರು ಆಂಟಿ. "ಇಲ್ಲಿ ಕೊಡು."

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ನಮಸ್ಕಾರ ಆಂಟಿ. ತಪ್ಪು ತಿಳ್ಕೋಬೇಡಿ, ಒಂದು ಮಾತು ಕೇಳ್ಬೇಕಿತ್ತು. ಅಂಕಲ್ ಹೇಳ್ತಿದ್ರಲ್ಲ, ನಿಜವಾಗ್ಲೂ ಅಲ್ಲಿ ಹಬ್ಬ ಹಾಗೇನಾ? ಊಟ ಮೊದಲು, ಭಾಷಣ ಇಲ್ಲ, ಆ ಬಾಗಿಲ ಆಟ?"

"ಎಲ್ಲಾ ಖರೇನರೀ. ನಾ ಅಲ್ಲೇ ಇದ್ದೆ."

"ಓ, ಸರಿ ಸರಿ. ಹಾಗಾದ್ರೆ ಈ ವರ್ಷಾನೂ ಹಾಗೇ ಮಾಡೋಣ. ಎಷ್ಟು ಜನ ಬಂದಿರ್ತಿದ್ರು ಆಂಟಿ?"

ಆಂಟಿ ಕಿಟಕಿಯ ಆಚೆ ನೋಡಿದರು. ಅವರ ದನಿಯಲ್ಲಿ ಒಂದಿಷ್ಟೂ ನಡುಕ ಇರಲಿಲ್ಲ.

"ಎಣಸಾಕ ಎಲ್ಲಿ ಆಗತೈತ್ರಿ? ಒಬ್ಬರು ಹೋಗೂದರಾಗ ಇನ್ನೊಬ್ಬರು ಬರತಿದ್ರು. ಅವತ್ತ ಕತ್ತಲಾಗೂತನಕ ಬಾಗಲಾ ಹಾಕಾಕ ಆಗಲಿಲ್ಲ ನಮಗ."